ತಪ್ಪು ಉತ್ತರಕ್ಕೂ ಒಂದು ಓದು ಬೇಕು

52ರಲ್ಲಿ 27 ಕಳೆದರೆ 35 ಎಂದು ಬರೆಯುವ ಮಕ್ಕಳು ಯಾವ ಶಾಲೆಯಲ್ಲಾದರೂ ಸಿಗುತ್ತಾರೆ. ಕೆಂಪು ಶಾಯಿಯಲ್ಲಿ ಗೀಟು ಎಳೆದು ಸೊನ್ನೆ ಹಾಕುವುದು ಕ್ಷಣದ ಕೆಲಸ. ಆ 35ನ್ನು ಸ್ವಲ್ಪ ನಿಂತು ನೋಡಿದರೆ ಮಗು ಹೇಗೆ ಯೋಚಿಸಿತು ಎಂಬುದು ಗೊತ್ತಾಗುತ್ತದೆ. ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲ, ಹಾಗಾಗಿ ಏಳರಿಂದ ಎರಡು ಕಳೆದು ಐದು ಬರೆದಿದೆ. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಹಿಂದಿನ ತರಗತಿಯಲ್ಲಿ ನಾವೇ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಅದೇ ಮಗು 84ರಲ್ಲಿ 36 ಕಳೆದರೆ 52 ಎನ್ನುತ್ತದೆ. ಅದಕ್ಕೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟು ಪ್ರಯೋಜನವಿಲ್ಲ. ಹತ್ತು ಕಡ್ಡಿಗಳ ಒಂದು ಕಟ್ಟು ಬಿಚ್ಚಿ, ಬಿಡಿಗಳ ಜತೆ ಸೇರಿಸಿ ತೋರಿಸಬೇಕು.

ಮಕ್ಕಳ ಇಂಥ ತಪ್ಪುಗಳಲ್ಲಿ ಒಂದು ನಿಯಮ ಇರುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಕಳೆಯುವ ಲೆಕ್ಕಗಳನ್ನು ಇಟ್ಟುಕೊಂಡು ವಿವರಿಸಿದ್ದರು. ಕನ್ನಡದ ಕಾಪಿ ಪುಸ್ತಕದಲ್ಲೂ ಇದು ಕಾಣುತ್ತದೆ. ‘ಸೂರ್ಯ’ ಬರೆಯುವಾಗ ಯಕಾರದ ಬಲಕ್ಕೆ ಬರಬೇಕಾದ ಅರ್ಕಾವತ್ತನ್ನು ಮಗು ಎಡಕ್ಕೆ ಬರೆದರೆ ಅದು ಅಸಡ್ಡೆಯಿಂದ ಆದದ್ದೆಂದು ತಿಳಿಯಬೇಕಿಲ್ಲ. ಕಿವಿಗೆ ಮೊದಲು ಕೇಳಿದ ರಕಾರವನ್ನು ಅದು ಮೊದಲೇ ಬರೆದಿದೆ. ಅಂಥ ಮಗುವಿಗೆ ಹತ್ತು ಸಲ ಬರೆಸುವ ಶಿಕ್ಷೆ ಬೇಡ, ಬರವಣಿಗೆಯ ಕ್ರಮವನ್ನು ತಿಳಿಸುವ ಎರಡು ಮಾತು ಸಾಕು.

ಮೌಲ್ಯಮಾಪನದಿಂದ ಕಲಿಕೆಗೆ ಸಿಗುವ ಲಾಭ ಇದೇ. ಮುಂದಿನ ಪಾಠ ಎಲ್ಲಿಂದ ಶುರುವಾಗಬೇಕು, ಯಾರಿಗೆ ಏನನ್ನು ಇನ್ನೊಮ್ಮೆ ಹೇಳಬೇಕು ಎಂಬುದನ್ನು ಅದು ಶಿಕ್ಷಕರಿಗೆ ತಿಳಿಸುತ್ತದೆ. ಬ್ರಿಟನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 1998ರಲ್ಲಿ ಈ ಮಾತನ್ನೇ ಹೇಳಿದರು. ಹೀಗೆ ಕಲಿಸಿದರೆ ಹಿಂದುಳಿದ ಮಕ್ಕಳಿಗೆ ಹೆಚ್ಚು ಅನುಕೂಲ ಎಂದೂ ಗುರುತಿಸಿದರು. ಅದಕ್ಕೂ ಹತ್ತು ವರ್ಷ ಮೊದಲು ಇಸ್ರೇಲಿನ ರುತ್ ಬಟ್ಲರ್ ಒಂದು ಗುಂಪಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಟಿಪ್ಪಣಿ ಮಾತ್ರ, ಮತ್ತೊಂದಕ್ಕೆ ಎರಡನ್ನೂ ಕೊಟ್ಟು ನೋಡಿದ್ದರು. ಮುಂದೆ ಬಂದವರು ಟಿಪ್ಪಣಿ ಮಾತ್ರ ಪಡೆದ ಮಕ್ಕಳು. ಪಕ್ಕದಲ್ಲಿ ಅಂಕ ಬಿದ್ದೊಡನೆ ಟಿಪ್ಪಣಿಯ ಫಲ ಉಳಿಯಲಿಲ್ಲ.

ನಮ್ಮಲ್ಲಿ ಕಾನೂನು ಈ ದಾರಿಯಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಶಕ್ತಿಯನ್ನೂ ನಿರಂತರವಾಗಿ, ವ್ಯಾಪಕವಾಗಿ ನೋಡಬೇಕು ಎನ್ನುತ್ತದೆ. ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬಂದವು. ಆದರೆ ಶಿಕ್ಷಕರ ಬಾಯಲ್ಲಿ ‘ಎಫ್‌ಎ’ ಎಂದರೆ ಈಗ ಮತ್ತೊಂದು ಕಿರುಪರೀಕ್ಷೆ, ತುಂಬಬೇಕಾದ ಮತ್ತೊಂದು ಅಂಕಪಟ್ಟಿ. ಅಂಕ ದಾಖಲಾದ ಮೇಲೆ ಪಾಠ ಮುಂದಕ್ಕೆ ಹೋಗುತ್ತದೆ, 35 ಎಂದು ಬರೆದ ಮಗು ಅಲ್ಲೇ ಉಳಿಯುತ್ತದೆ.

ಐದು, ಎಂಟು, ಒಂಬತ್ತನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ಬೇಕೇ ಬೇಡವೇ ಎಂಬ ವಿವಾದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಆಗ ನಡೆದ ಚರ್ಚೆಯಲ್ಲಿ ಮಗುವಿನ ಕಲಿಕೆಯ ಮಾತಿಗೆ ಸಿಕ್ಕ ಜಾಗ ತೀರಾ ಕಡಿಮೆ. ಏಪ್ರಿಲ್‌ನಲ್ಲಿ ಫಲಿತಾಂಶ ಬಂದಿದ್ದರೂ ಆ ವರ್ಷ ಕಲಿಸಿದ ಶಿಕ್ಷಕರಿಗೆ ತಿದ್ದಲು ಒಂದು ದಿನವೂ ಉಳಿದಿರುತ್ತಿರಲಿಲ್ಲ. ಜುಲೈನಲ್ಲಿ ತಿಳಿಯಬೇಕಾದದ್ದು ವರ್ಷದ ಕೊನೆಯಲ್ಲಿ ತಿಳಿದರೆ ಆ ಮಗುವಿಗೆ ಏನು ಉಪಯೋಗ?

ಪರೀಕ್ಷೆಯ ಭಯವಿಲ್ಲದೆ ಕಲಿಕೆಯನ್ನು ಅಳೆಯುವುದು ನಮಗೆ ಹೊಸದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿಬಂದು ಕಟ್ಟಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮೌಲ್ಯಮಾಪನ ಕಲಿಕಾ ಏಣಿಯ ಒಳಗೇ ಇದೆ. ಮಗು ತನ್ನ ವೇಗದಲ್ಲಿ ಮೈಲಿಗಲ್ಲು ದಾಟುತ್ತದೆ, ತೊಡಕು ಕಂಡಲ್ಲಿ ಶಿಕ್ಷಕರು ಜತೆಗೆ ಕೂರುತ್ತಾರೆ. ಮೇಲಿನ ತರಗತಿಗಳಿಗೆ ಹೋಗುತ್ತಿದ್ದಂತೆ ಈ ಕ್ರಮವನ್ನು ಕೈಬಿಡುತ್ತೇವೆ ಎಂಬುದೇ ನನ್ನ ಆತಂಕ.

ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳಲ್ಲಿ ಇದೆಲ್ಲ ಆಗುವ ಮಾತೇ ಎಂದು ಕೇಳುವವರ ಕಷ್ಟ ನಿಜವಾದದ್ದು. ಹಾಗೆಂದೇ ಸರಳ ಕ್ರಮಗಳು ಬೇಕು. ಪಾಠದ ಕೊನೆಗೆ ಒಂದೇ ಪ್ರಶ್ನೆ ಕೇಳಿ, ಎಲ್ಲರೂ ಸ್ಲೇಟಿನಲ್ಲಿ ಉತ್ತರ ಬರೆದು ಎತ್ತಿ ಹಿಡಿದರೆ ಇಡೀ ತರಗತಿಯ ಸ್ಥಿತಿ ಒಂದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಕೈ ಎತ್ತುವ ನಾಲ್ವರು ಜಾಣರ ಉತ್ತರ ಕೇಳಿ ಪಾಠ ಮುಗಿಸುವುದಕ್ಕಿಂತ ಇದು ನೂರು ಪಾಲು ಮೇಲು. ನೋಟ್‌ಬುಕ್‌ಗಳನ್ನು ತಪ್ಪಿನ ಬಗೆಗೆ ತಕ್ಕಂತೆ ಮೂರು ಗುಂಪು ಮಾಡಿಕೊಂಡರೆ ಮರುದಿನದ ಪಾಠ ಅರ್ಧ ಸಿದ್ಧವಾದಂತೆ.

ಇಲಾಖೆ ಮಾಡಬೇಕಾದದ್ದೂ ಸ್ಪಷ್ಟವಾಗಿದೆ. ಐದನೇ ತರಗತಿಯವರೆಗಾದರೂ ರೂಪಣಾತ್ಮಕ ಮೌಲ್ಯಮಾಪನಕ್ಕೆ ಅಂಕ ಕೇಳುವುದನ್ನು ನಿಲ್ಲಿಸಲಿ. ಅದರ ಬದಲು ‘ಯಾರಿಗೆ, ಯಾವುದನ್ನು ಮತ್ತೆ ಕಲಿಸಿದಿರಿ’ ಎಂದು ಒಂದು ಸಾಲು ಕೇಳಲಿ. ಪ್ರತಿ ಎಫ್‌ಎ ಮುಗಿದ ಮೇಲೆ ಮರುಕಲಿಕೆಗೆ ವೇಳಾಪಟ್ಟಿಯಲ್ಲೇ ದಿನಗಳನ್ನು ಮೀಸಲಿಡಲಿ. ಕ್ಲಸ್ಟರ್ ಸಭೆಗಳಲ್ಲಿ ಸುತ್ತೋಲೆ ಓದುವ ಹೊತ್ತನ್ನು ಕಡಿಮೆ ಮಾಡಿ, ಮಕ್ಕಳ ನೋಟ್‌ಬುಕ್ ಮುಂದಿಟ್ಟುಕೊಂಡು ಶಿಕ್ಷಕರು ಚರ್ಚಿಸಲಿ. ಪೋಷಕರೂ ‘ಎಷ್ಟು ಬಂತು’ ಎನ್ನುವ ಮೊದಲು ‘ಯಾವುದು ತಿಳಿಯಲಿಲ್ಲ’ ಎಂದು ಕೇಳಲಿ. ಉತ್ತರ ತಪ್ಪಾದ ಮಗುವಿಗೆ ಶಾಲೆ ಹೆಚ್ಚು ಸಮಯ ಕೊಡಬೇಕು. ಅದು ದಯೆಯಿಂದ ಮಾಡುವ ಉಪಕಾರವಲ್ಲ, ಆ ಮಗುವಿನ ಹಕ್ಕು.