ಕಿಡ್ನಿ ಕಸಿಯ ನಂತರವೂ ನೆರವಿರಲಿ



ಕಿಡ್ನಿ ಕಸಿ ಆಯಿತೆಂದರೆ ಗಂಡಾಂತರ ಕಳೆಯಿತೆಂದೇ ನಮ್ಮೂರ ಕಡೆ ಭಾವನೆ. ಆದರೆ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ನುಂಗುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳೇ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತವೆ. ಮೊದಲ 6 ತಿಂಗಳಲ್ಲಂತೂ ಮೈಯೊಳಗೇ ಅಡಗಿದ್ದ ಸೈಟೊಮೆಗಲೊ ವೈರಸ್ ತಲೆಯೆತ್ತಬಹುದು. ಅದಕ್ಕೆ ವಾಲ್‌ಗ್ಯಾನ್‌ಸಿಕ್ಲೊವಿರ್ ಇದೆ, ಬೆಲೆ ಮಾತ್ರ ಕೂಲಿಯವರ ಕೈಗೆಟುಕದು. ಹೀಗೆಯೇ ಕಾಡುವ ಬಿಕೆ ವೈರಸ್‌ಗೆ ನೆಚ್ಚುವಂಥ ಔಷಧವೇ ಇಲ್ಲ; ರಕ್ತಪರೀಕ್ಷೆಯಲ್ಲಿ ಬೇಗ ಪತ್ತೆಹಚ್ಚಿ ಕಸಿಯ ಮಾತ್ರೆ ತಗ್ಗಿಸಬೇಕು, ಅದೂ ವೈದ್ಯರೇ. ಬಡವರ ಕಸಿಗೆ ಸರ್ಕಾರದ ಯೋಜನೆಯೇನೋ ಇದೆ. ಈ ಪರೀಕ್ಷೆ, ಈ ಮಾತ್ರೆಗಳೂ ವೈದ್ಯರು ಹೇಳುವಷ್ಟು ಕಾಲ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಲಿ.

ಇನ್ನು ಸೋಂಕು ಬೇಗ ತಗಲುವ ಇಂಥ ರೋಗಿಯನ್ನು ನೋಡಲು ಬರುವ ಬೀಗರು! ಮೂಗು ಸೋರುತ್ತಿದ್ದರೂ ಬಾಳೆಹಣ್ಣು ಹಿಡಿದುಕೊಂಡು ಬಂದು ರೋಗಿಯ ಮಂಚದ ಮೇಲೇ ಕೂರುತ್ತಾರೆ. ‘ಬ್ಯಾಡ್ರಿ’ ಅನ್ನಲು ಮನೆಯವರಿಗೆ ಸಂಕೋಚ. ಫೋನಿನಲ್ಲೇ ವಿಚಾರಿಸಿದರೆ ಸಾಲದೇ?

– ಓದುಗ, ಮುಗದ, ಧಾರವಾಡ ತಾಲ್ಲೂಕು