ವೀರಕಥೆಗೆ ಅವಸರವೇಕೆ?

ವೀರಪುರುಷರ ಕಥೆಯೆಂದೊಡನೆ ಖಡ್ಗಗಳ ಖಣಖಣತ್ಕಾರವನ್ನೂ ಕುದುರೆಗಳ ದೌಡನ್ನೂ ನಿರೀಕ್ಷಿಸುವುದು ನಮ್ಮ ಪ್ರೇಕ್ಷಕರ ಅಭ್ಯಾಸವಾಗಿದೆ. ಅಮೆರಿಕದ ನಿರ್ದೇಶಕ ಡೇವಿಡ್ ಲೌರಿಯವರು 2021ರಲ್ಲಿ ತೆರೆಗೆ ತಂದ ‘ದಿ ಗ್ರೀನ್ ನೈಟ್’ ಚಿತ್ರವು ಈ ನಿರೀಕ್ಷೆಯನ್ನು ಭಂಗಗೊಳಿಸಿತು. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕಾವ್ಯವೊಂದನ್ನು ಆಧರಿಸಿದ ಆ ಚಿತ್ರದಲ್ಲಿ ಯುದ್ಧವು ಅತ್ಯಲ್ಪ. ಮಂಜು, ಕಾಡು, ಏಕಾಂತ ಪ್ರಯಾಣಗಳೇ ಹೆಚ್ಚು. ಅದು ಅತಿ ನಿಧಾನವೆಂದು ದೂರಿದವರುಂಟು. ಆದರೆ ನಾಯಕ ಗವೇನನ ಪರೀಕ್ಷೆಯು ನಡೆಯುವುದು ರಣರಂಗದಲ್ಲಲ್ಲ; ಅತಿಥಿಯಾಗಿ ತಂಗಿದ ಮನೆಯ ಒಡತಿಯ ಮುಂದೆ, ತಾನು ಕೊಟ್ಟ ಮಾತಿನ ಮುಂದೆ. ಅಂತರಂಗದ ಹೋರಾಟವನ್ನು ಅವಸರದಿಂದ ತೋರಿಸಲಾಗದು.

ಇದು ಪರದೇಶದ ಮಾತೆಂದು ವಾಚಕರು ಬದಿಗಿಡಬಾರದು. ಅದೇ ಶತಮಾನದ ನಮ್ಮ ಕುಮಾರರಾಮನ ಕಥೆಯ ತಿರುಳೂ ಇದೇ ಆಗಿದೆ. ಚೆಂಡನ್ನರಸಿ ಮಲತಾಯಿ ರತ್ನಾಜಿಯ ಅರಮನೆಗೆ ಹೋದ ತರುಣನು ಆಕೆಯ ಬಯಕೆಯನ್ನು ನಿರಾಕರಿಸಿದನು. ಆಕೆಯ ದೂರನ್ನು ನಂಬಿದ ತಂದೆ ಕಂಪಿಲರಾಯನು ಮಗನ ಶಿರಚ್ಛೇದಕ್ಕೆ ಆಜ್ಞಾಪಿಸಿದನು. ಮಂತ್ರಿ ಬೈಚಪ್ಪನು ಅವನನ್ನು ಗುಪ್ತವಾಗಿ ಅಡಗಿಸಿ ಉಳಿಸಿದನು. ದಿಲ್ಲಿಯ ಸೈನ್ಯವು ಬಂದಾಗ, ತನ್ನನ್ನು ಕೊಲ್ಲಹೇಳಿದ ತಂದೆಯ ರಾಜ್ಯಕ್ಕಾಗಿಯೇ ಅವನು ಹೊರಬಂದು ಕಾದಿದನು. 1327ರಲ್ಲಿ ಕಂಪಿಲಿಯು ಬಿದ್ದಿತು; ‘ಪರನಾರೀ ಸಹೋದರ’ನೆಂಬ ಹೆಸರು ಮಾತ್ರ ಬೀಳಲಿಲ್ಲ.

ಕವಿ ನಂಜುಂಡನು ಈ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. 2006ರಲ್ಲಿ ಭಾರ್ಗವರ ನಿರ್ದೇಶನದಲ್ಲಿ ‘ಗಂಡುಗಲಿ ಕುಮಾರರಾಮ’ ಚಿತ್ರವೂ ಬಂದಿತು. ಅದು ಸಂತೋಷವೇ. ಆದರೆ ಇಂಥ ಕಥೆಯು ಒಂದು ಚಿತ್ರದಿಂದ ಬತ್ತುವಂಥದಲ್ಲ. ಲೋಕದ ಪಾಲಿಗೆ ಸತ್ತವನಾಗಿ ಕತ್ತಲೆಯಲ್ಲಿ ಬದುಕಿದ ಆ ದಿನಗಳಲ್ಲಿ ಅವನು ಏನನ್ನು ಚಿಂತಿಸಿದನು? ಇದನ್ನೇ ಕೇಂದ್ರವಾಗಿಟ್ಟುಕೊಂಡ, ಮೌನಕ್ಕೆ ಅಂಜದ ಚಿತ್ರವೊಂದನ್ನು ನಾವು ಬಯಸುತ್ತೇವೆ.

ಇದು ಕನ್ನಡಕ್ಕೆ ಅಸಾಧ್ಯವೆನ್ನುವವರು ಗಿರೀಶ ಕಾರ್ನಾಡರ 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ನೋಡಲಿ. ಮಧ್ಯಯುಗದ ಬಾಡಿಗೆಯೋಧರ ಆ ಕಥೆಯಲ್ಲಿ ಕಾಳಗವುಂಟು. ಅದರೊಡನೆ ವಿವೇಕವೂ ಉಂಟು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು.

ನಿರ್ಮಾಪಕರು ಪ್ರೇಕ್ಷಕರನ್ನು ದೂರುವರು, ಪ್ರೇಕ್ಷಕರು ನಿರ್ಮಾಪಕರನ್ನು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ನಾಗರಿಕರಿಗೆ ನಮ್ಮದೊಂದು ಮಾತು. ಗಮಕಿಗಳು ಭಾರತದ ಒಂದೇ ಪದ್ಯವನ್ನು ನಾಲ್ಕು ಬಗೆಯಾಗಿ ಎಳೆದೆಳೆದು ವಾಚಿಸುವಾಗ ತಲೆದೂಗುವವರು ತಾವೇ. ನಿಧಾನವಾಯಿತೆಂದು ಅಲ್ಲಿಂದ ಯಾರೂ ಎದ್ದುಹೋಗುವುದಿಲ್ಲ. ಆ ಸಹನೆಯನ್ನು ಬೆಳ್ಳಿತೆರೆಗೂ ದಯಪಾಲಿಸಿದರೆ ಕುಮಾರರಾಮನನ್ನು ತೆರೆಗೆ ತರುವ ಧೈರ್ಯವು ನಮ್ಮ ಕಲಾವಿದರಿಗೆ ತಾನಾಗಿಯೇ ಬಂದೀತು.