ಪಕ್ಕದಲ್ಲಿ ಕುಳಿತವರ ಹೊಣೆ

2005ರ ಮೇ 11ರಂದು ಅಮೆರಿಕದ ಪೆನ್ಸಿಲ್ವೇನಿಯಾದಿಂದ ಏರ್ ಶೋಗೆ ಹೊರಟ ಇಬ್ಬರು, ಎರಡೇ ಸೀಟಿನ ಸೆಸ್ನಾ 150 ವಿಮಾನದಲ್ಲಿ ದಾರಿ ತಪ್ಪಿ ವಾಷಿಂಗ್ಟನ್‌ನ ನಿರ್ಬಂಧಿತ ವಾಯುಪ್ರದೇಶದೊಳಗೆ ಬಂದುಬಿಟ್ಟರು. ಶ್ವೇತಭವನ, ಸಂಸತ್ ಭವನಗಳಲ್ಲಿದ್ದ ಜನ ಹೊರಗೆ ಓಡಬೇಕಾಯಿತು. ಎಫ್-16 ಯುದ್ಧವಿಮಾನಗಳು ಉರಿಬೆಳಕಿನ ಫ್ಲೇರ್ ಹಾರಿಸಿ ಎಚ್ಚರಿಸಿದವು. ಬೇಕೆಂದು ಮಾಡಿದ್ದಲ್ಲವೆಂದು ತಿಳಿದ ಮೇಲೆ ಮೊಕದ್ದಮೆ ಇಲ್ಲದೆ ಬಿಟ್ಟರು.

ಇಬ್ಬರಲ್ಲಿ ಒಬ್ಬರು ಇನ್ನೂ ಕಲಿಯುತ್ತಿದ್ದವರು. ಲೈಸೆನ್ಸ್ ರದ್ದಾದದ್ದು ಅವರ ಜೊತೆಗಿದ್ದ ಹಿರಿಯ ಪೈಲಟ್‌ನದು. ಅದು ಸರಿ ಎಂದೇ ನಮಗನ್ನಿಸುತ್ತದೆ. ಹವಾಮಾನ ವರದಿ, ಪೈಲಟ್‌ಗಳಿಗಿರುವ ಸೂಚನೆ, ಎರಡನ್ನೂ ಅವರು ನೋಡದೆ ಹೊರಟಿದ್ದರು. ಕೆಲವೇ ನಿಮಿಷದ ಕೆಲಸ! ಕಲಿಯುವವರು ಅವರನ್ನು ನಂಬಿ ಹತ್ತಿದ್ದರು.

ತಮ್ಮ ತಂಗಿಯರಿಗೆ ಸ್ಕೂಟರ್ ಕಲಿಸುವವರು ನಾವೂ. ಹಿಂದೆ ಕೂತು ಮೊಬೈಲ್ ನೋಡುತ್ತಿರುತ್ತೇವೆ. ಬಿದ್ದರೆ ಮಾತ್ರ ಬೈಗುಳ ಅವರಿಗೆ.